561 ಅವಿಭಾಜ್ಯ ಅಂತ ನನ್ನ ಪ್ರೋಗ್ರಾಂ ಯಾಕೆ ಹೇಳುತ್ತಿದೆ?

ಪ್ರಶ್ನೆ: ಮೇಡಂ, ಅವಿಭಾಜ್ಯ ಸಂಖ್ಯೆ ಗುರುತಿಸಲು ಚಿಕ್ಕದೊಂದು ಪ್ರೋಗ್ರಾಂ ಬರೆದಿದ್ದೇನೆ. ಫರ್ಮಾನ ನಿಯಮ ಬಳಸಿದೆ. ಸಂಖ್ಯೆ ಅವಿಭಾಜ್ಯವಾಗಿದ್ದರೆ, 2ನ್ನು ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಅದರಿಂದಲೇ ಭಾಗಿಸಿದಾಗ ಶೇಷ 1 ಬರಬೇಕು. 561 ಕೊಟ್ಟೆ. 2ರ ಜಾಗದಲ್ಲಿ 2, 5, 7, 10 ಯಾವುದನ್ನು ಇಟ್ಟರೂ ಶೇಷ 1. ಆದರೆ 5+6+1 = 12, ಅಂದರೆ 561 ಮೂರರಿಂದ ಭಾಗವಾಗುತ್ತದೆ ಅಲ್ವಾ? 3 ಇಟ್ಟಾಗ ಮಾತ್ರ ಶೇಷ 375 ಬಂತು. ಕೋಡ್‌ನಲ್ಲಿ ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಕೋಡ್ ಸರಿಯಾಗಿಯೇ ಇದೆ. ಫರ್ಮಾನ ನಿಯಮ ಒಂದೇ ದಿಕ್ಕಿನದು. ಅವಿಭಾಜ್ಯವಾದರೆ ಶೇಷ 1 ಬರುತ್ತದೆ ನಿಜ, ಆದರೆ 1 ಬಂದ ಮಾತ್ರಕ್ಕೆ ಅವಿಭಾಜ್ಯ ಎನ್ನಲಾಗದು. ತನ್ನ ಜೊತೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಸಂಖ್ಯೆ ಇಟ್ಟರೂ ಈ ಪರೀಕ್ಷೆಗೆ ಸಿಗದೆ ನುಣುಚಿಕೊಳ್ಳುವ ಭಾಜ್ಯ ಸಂಖ್ಯೆಗಳಿವೆ, ನೀವು ಕೊಟ್ಟಿರುವುದು ಅವುಗಳಲ್ಲೇ ಅತಿ ಚಿಕ್ಕದು! ಇವನ್ನು ಕಾರ್ಮೈಕೇಲ್ ಸಂಖ್ಯೆಗಳು ಎನ್ನುತ್ತಾರೆ.

ಗುಟ್ಟು ಇಲ್ಲಿದೆ. 561 = 3 × 11 × 17. ಪ್ರತಿಯೊಂದರಲ್ಲೂ 1 ಕಳೆಯಿರಿ: 2, 10, 16. ಮೂರೂ 560ನ್ನು ಸರಿಯಾಗಿ ಭಾಗಿಸುತ್ತವೆ. ಹಾಗಾಗಿ 560ನೇ ಘಾತಕ್ಕೆ ಬರುವಷ್ಟರಲ್ಲಿ 3, 11, 17 ಮೂರರ ಲೆಕ್ಕದಲ್ಲೂ ಶೇಷ 1 ಆಗಿರುತ್ತದೆ. ಮೂರೂ ಒಪ್ಪಿದ ಮೇಲೆ 561 ಕೂಡ ಒಪ್ಪಲೇಬೇಕು. 3 ಇಟ್ಟಾಗ ಸಿಕ್ಕಿಬಿದ್ದದ್ದು 3 ಅದರ ಅಪವರ್ತನ ಆಗಿದ್ದರಿಂದ. ದೊಡ್ಡ ಸಂಖ್ಯೆಯಲ್ಲಿ ಸುಮ್ನೆ ಊಹಿಸಿ ಅಪವರ್ತನವನ್ನೇ ಇಡುವುದು ಆಗದ ಮಾತು.

ಈ ಲಕ್ಷಣವನ್ನು ಜರ್ಮನ್ ಗಣಿತಜ್ಞ ಕೋರ್ಸೆಲ್ಟ್ 1899ರಲ್ಲೇ ಹೇಳಿದ್ದ, ಉದಾಹರಣೆ ಮಾತ್ರ ಕೊಟ್ಟಿರಲಿಲ್ಲ. ಶಿಮೆರ್ಕಾ ಎಂಬ ಚೆಕ್ ಗಣಿತಜ್ಞ 1885ರಲ್ಲೇ ಮೊದಲ ಏಳನ್ನು ಪಟ್ಟಿ ಮಾಡಿದ್ದ. ಹೆಸರು ಉಳಿದದ್ದು 1910ರಲ್ಲಿ 561ನ್ನು ಕಂಡುಕೊಂಡ ಕಾರ್ಮೈಕೇಲ್‌ನದು. ಶಿಮೆರ್ಕಾನ ಹೆಸರೂ ಜನರಿಗೆ ಗೊತ್ತಿರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಪ್ರಶ್ನೆ: ಹಾಗಾದರೆ ಇಂಥವನ್ನು ಪಟ್ಟಿ ಮಾಡಿಟ್ಟು ಹೊರಗಿಡಲೇ?

ಉತ್ತರ: ಬೇಡ, ಅವು ಅನಂತವಾಗಿವೆ. ಇದು 1994ರಲ್ಲಿ ಸಾಧಿತವಾಗಿದೆ. ಮಿಲ್ಲರ್-ರಾಬಿನ್ ಪರೀಕ್ಷೆ ಬಳಸಿ. 560ನೇ ಘಾತಕ್ಕೆ ನೇರವಾಗಿ ಹಾರುವ ಬದಲು ಮೆಟ್ಟಿಲು ಹತ್ತಿ ಹೋಗಿ. 560 = 16 × 35. ಮೊದಲು 2ರ 35ನೇ ಘಾತ: ಶೇಷ 263. ಅದರ ವರ್ಗ ಮಾಡಿ: 166. ಮತ್ತೆ: 67. ಮತ್ತೆ: 1.

ಆ 67ರ ಹತ್ತಿರ ಸ್ವಲ್ಪ ನಿಲ್ಲಿ. 561 ಅವಿಭಾಜ್ಯವಾಗಿದ್ದರೆ, ವರ್ಗ ಮಾಡಿದಾಗ ಶೇಷ 1 ಕೊಡುವವು ಎರಡೇ: 1 ಮತ್ತು 560. ಈ 67 ಎರಡೂ ಅಲ್ಲ. ಅಲ್ಲಿಗೆ ಬಣ್ಣ ಬಯಲಾಯಿತು! ಇನ್ನೂ ಇದೆ. 67ರ ಆಚೀಚೆ ಇರುವ 66, 68 ತೆಗೆದುಕೊಂಡು 561ರ ಜೊತೆ ಮ.ಸಾ.ಅ. ಕಂಡುಹಿಡಿಯಿರಿ. 33 ಮತ್ತು 17 ಬರುತ್ತವೆ. 33 × 17 = 561. ಅಪವರ್ತನಗಳೇ ಕೈಗೆ ಬಂದವು. ಎಷ್ಟು ಸಲ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೆ ಖುಷಿಯಾಗುತ್ತದೆ.

ನಿಮ್ಮ ಸಂಖ್ಯೆಗಳು 64 ಬಿಟ್ ಒಳಗಿದ್ದರೆ 2ರಿಂದ 37ರವರೆಗಿನ 12 ಅವಿಭಾಜ್ಯಗಳನ್ನು ಇಟ್ಟು ನೋಡಿದರೆ ಸಾಕು, ಉತ್ತರ ಖಚಿತ. ಈಗ 1729 ಹಾಕಿ ನೋಡಿ, ಅದೂ ಇದೇ ಜಾತಿಯದು.

ಪ್ರಶ್ನೆ: ಹಾಕಿದೆ ಮೇಡಂ! 1728 = 64 × 27. ಶೇಷಗಳು 645, 1065, ಆಮೇಲೆ 1. 1064ರಿಂದ 133 ಬಂತು, 1066ರಿಂದ 13. ಗುಣಿಸಿದರೆ ಸರಿಯಾಗಿ 1729.