ಹತ್ತಿರ ಹಿಡಿದು ಓದಿದರೆ ಮೈನಸ್ ನಂಬರ್ ಏರುತ್ತದಾ?

ಚಿಂತಾಮಣಿ ಪೋಷಕ:
ಮಗಳಿಗೆ 8 ವರ್ಷ, ಎರಡೂ ಕಣ್ಣಿಗೆ ಮೈನಸ್ 1.50. ಪುಸ್ತಕಕ್ಕೆ ಮೂಗು ತಾಗಿಸಿಯೇ ಬರೆಯುತ್ತಾಳೆ. ಓದಿನಿಂದಲೇ ಬಂತಾ? ಪವರ್ ಸ್ವಲ್ಪ ಕಡಿಮೆ ಹಾಕಿಸಿದರೆ ಏರಲ್ಲ ಅಂತಾರೆ, ನಿಜಾನಾ?

ಕೋಲಾರ ಕನ್ನಡಕ:
ಕಡಿಮೆ ಪವರ್ ಬೇಡ ಸಾರ್. ಏರಿಕೆ ನಿಲ್ಲಲ್ಲ, ಬೋರ್ಡ್ ಮಸುಕಾಗುತ್ತದೆ ಅಷ್ಟೇ. ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗಿ, ದೂರದ ಬಿಂಬ ಕಣ್ಣಿನ ಹಿಂದಿನ ಪರದೆಯಾದ ರೆಟಿನಾದ ಮುಂದೆ ಬೀಳುವುದೇ ಮೈನಸ್. ಒಂದು ಮಿಲಿಮೀಟರ್ ಬೆಳೆದರೆ ಸುಮಾರು 2.5 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಏರುತ್ತದೆ. ಹತ್ತಿರದ ಕೆಲಸಕ್ಕೂ ಇದಕ್ಕೂ ನಂಟಿದೆ, ಆದರೆ ಅದೊಂದೇ ಅಲ್ಲ. ಅಪ್ಪ ಅಮ್ಮನ ನಂಬರು, ಹೊರಗಿನ ಬೆಳಕು ಸಿಗದಿರುವುದೂ ಸೇರುತ್ತವೆ. ಪುಸ್ತಕ 33 ಸೆಂ.ಮೀ. ದೂರದಲ್ಲಿದ್ದರೆ ಫೋಕಸ್ ಮಾಡಲು ಕಣ್ಣಿಗೆ 3 ಡಯಾಪ್ಟರ್ ಕೆಲಸ, 20 ಸೆಂ.ಮೀ.ಗೆ ತಂದರೆ 5. ಮೇಜು ಎತ್ತರವಾಗಿದ್ದರೂ ಮಕ್ಕಳ ಮುಖ ಪುಸ್ತಕದ ಹತ್ತಿರವೇ ಬರುತ್ತದೆ, ಅದನ್ನೂ ನೋಡಿ.

ನಂದಿಬೆಟ್ಟ:
ಮೊದಲು ಹೇಳಿ, ಹನಿ ಹಾಕಿ ಚೆಕ್ ಮಾಡಿದ್ರಾ? ಹಾಕದೆ ಕಂಪ್ಯೂಟರ್ ಟೆಸ್ಟ್ ಮಾಡಿದರೆ ಮಕ್ಕಳಲ್ಲಿ ಮೈನಸ್ ಜಾಸ್ತಿ ತೋರಿಸಬಹುದು. ಕಣ್ಣಿನ ಫೋಕಸ್ ಸಡಿಲಿಸುವ ಸೈಕ್ಲೊಪೆಂಟೊಲೇಟ್ ಹನಿ ಹಾಕಿ ಅರ್ಧ-ಮುಕ್ಕಾಲು ಗಂಟೆ ಕಾಯಬೇಕು. ಹತ್ತಿರದ್ದು ಮಸುಕಾಗಿರುತ್ತೆ, ಅವತ್ತು ಹೋಂವರ್ಕ್ ಇಲ್ಲ ಅಂದ್ಕೊಳ್ಳಿ.

ಚಿಂತಾಮಣಿ ಪೋಷಕ:
ಹಾಕಿರಲಿಲ್ಲ.

ನಂದಿಬೆಟ್ಟ:
ಹಾಗಾದರೆ ಮತ್ತೆ ಮಾಡಿಸಿ. ದಿನಕ್ಕೆ 2 ಗಂಟೆ ಹೊರಗೆ ಬಿಡಿ, ಹೊಂಗೆ ಮರದ ನೆರಳಾದರೂ ಸರಿ. ಬೆಳಕಿನ ಅಳತೆಯಲ್ಲಿ ತರಗತಿಯಲ್ಲಿ ಕೆಲವು ನೂರು ಲಕ್ಸ್, ನೆರಳಲ್ಲೂ ಸಾವಿರಗಟ್ಟಲೆ. ಆದರೆ ಇದು ಮೈನಸ್ ಬರದಂತೆ ತಡೆಯುವಷ್ಟು ಚೆನ್ನಾಗಿ, ಬಂದದ್ದು ಏರದಂತೆ ತಡೆಯಲ್ಲ. 6 ತಿಂಗಳಿಗೊಮ್ಮೆ ಅಳೆಸಿ, ಏರುತ್ತಿದ್ದರೆ ಏರಿಕೆ ನಿಧಾನಿಸಲು ಹಾಕುವ 0.01ರಿಂದ 0.05% ಅಟ್ರೋಪಿನ್ ಹನಿ ಬಗ್ಗೆ ಕಣ್ಣಿನ ಡಾಕ್ಟರ್ ಹತ್ತಿರ ಕೇಳಿ. ನೀವಾಗೇ ಮೆಡಿಕಲ್‌ನಲ್ಲಿ ತರಬೇಡಿ, ಅಲ್ಲಿ 1% ಕೂಡ ಇರುತ್ತೆ.