ಕ್ಯಾತ್ಸಂದ್ರ ಮನೆ ಗ್ರೂಪ್: ಗ್ಯಾರೇಜ್ ಲಿಫ್ಟ್ ವಿಚಾರ

ಅಣ್ಣ: (ಕೊಟೇಶನ್ ಫೋಟೋ) ಗಾಡಿ ಎತ್ತೋ ಟೂ ಪೋಸ್ಟ್ ಲಿಫ್ಟು, ಎರಡು ಕಂಬ ನಿಲ್ಸಿ ತೋಳಲ್ಲಿ ಎತ್ತೋದು, 4 ಟನ್ನಿಂದು. ಸೋಮವಾರ ಅಡ್ವಾನ್ಸ್ ಕೊಟ್ಬಿಡ್ತೀನಿ. ಇನ್ಮೇಲೆ ಆಯಿಲ್ಲು ಬ್ರೇಕ್ ಪ್ಯಾಡು ಎಲ್ಲಾ ಮನೇಲೇ, ಬಟವಾಡಿ ಗ್ಯಾರೇಜಿಗೆ ಹೋಗಿ ಅರ್ಧ ದಿನ ಕಾಯೋದು ತಪ್ಪುತ್ತೆ

ಚಿಕ್ಕಪ್ಪ: ಒಳ್ಳೇದಾಯ್ತು ಬಿಡಪ್ಪ. ಇನ್ನೋವಾ 2 ಟನ್ನೂ ಇಲ್ಲ, ಆರಾಮಾಗಿ ಎತ್ತುತ್ತೆ

ನಾನು: ಅಣ್ಣ ಅಡ್ವಾನ್ಸ್ ಕೊಡ್ಬೇಡ ಇರು. 4 ಟನ್ನು ಲಿಫ್ಟಿನ ಲೆಕ್ಕ, ನಮ್ ನೆಲದ್ದಲ್ಲ. ಹೋದ್ವರ್ಷ ಸಂಪಿನ ಪೈಪ್ ಹಾಕಕ್ಕೆ ಗ್ಯಾರೇಜ್ ನೆಲ ಕಟ್ ಮಾಡ್ಸಿದ್ವಲ್ಲ, ಪಕ್ದಲ್ಲೇ ಕೂತು ನೋಡಿದೀನಿ, ಮೇಲೆ ಪಾರ್ಕಿಂಗ್ ಟೈಲ್ಸು, ಕೆಳ್ಗೆ ಎರಡಿಂಚು ಮರಳು ಸಿಮೆಂಟು, ಅದ್ರ ಕೆಳ್ಗೆ ಮೂರಿಂಚು ಕಾಂಕ್ರೀಟ್ ಬೆಡ್ಡು, ಆಮೇಲೆ ಬರೀ ಕೆಮ್ಮಣ್ಣು. ಬೆಡ್ಡಿನ ಜಲ್ಲಿ ಬೆರಳಲ್ಲಿ ಕೆದಕಿದ್ರೆ ಉದುರ್ತಿತ್ತು

ಅಣ್ಣ: ಲೋ, ಆರು ವರ್ಷದಿಂದ ಗಾಡಿ ಅದ್ರ ಮೇಲೇ ನಿಂತಿದೆ ಕಣೋ, ಒಂದು ಟೈಲ್ಸೂ ಒಡ್ದಿಲ್ಲ. ಕಂಬನ ನೆಲಕ್ಕೆ ಬಿಗಿಯಕ್ಕೆ ಮುಕ್ಕಾಲಿಂಚು ಆಂಕರ್ ಬೋಲ್ಟ್ ಹಾಕ್ತಾರಂತೆ

ನಾನು: ನಿಂತಿರೋ ಗಾಡಿ ನೆಲನ ಕೆಳಕ್ಕೆ ಒತ್ತುತ್ತೆ ಅಷ್ಟೇ. ಟೂ ಪೋಸ್ಟಲ್ಲಿ ಭಾರ ಎಲ್ಲ ತೋಳಿನ ತುದೀಲಿ, ಎರಡು ಕಂಬನೂ ಒಳಕ್ಕೆ ವಾಲಕ್ಕೆ ನೋಡ್ತವೆ, ಹೊರಗಡೆ ಸಾಲಿನ ಬೋಲ್ಟ್‌ನ ಮೇಲಕ್ಕೆ ಕೀಳ್ತವೆ. ಆ ಬೋಲ್ಟ್ ಹಿಡಿಯೋದು ಹೆಂಗೆ ಅಂದ್ರೆ ನಟ್ ತಿರುಗಿಸ್ದಂಗೆ ಕೆಳಗಿನ ಕೋನು ಮೇಲಕ್ ಬಂದು ಸುತ್ತ ಇರೋ ಕ್ಲಿಪ್ಪನ್ನ ಅಗಲ ಮಾಡಿ ಕಾಂಕ್ರೀಟಿಗೆ ಕಚ್ಚಿಸುತ್ತೆ. ಕಚ್ಚಕ್ಕೇ ಏನೂ ಇಲ್ದಿದ್ರೆ? ನಾನು ಕೆಲ್ಸ ಮಾಡೋ ಸೈಟಲ್ಲೇ ನೋಡಿದೀನಿ, ಬಿಗಿ ಸಾಕು ಅಂತ ಟಾರ್ಕ್ ರೆಂಚ್ ಕ್ಲಿಕ್ ಅನ್ನೋ ಮುಂಚೆನೇ ಬೋಲ್ಟು ಪುಡಿ ಸಮೇತ ಮೇಲೆದ್ದು ಬಂತು

ಚಿಕ್ಕಪ್ಪ: ತೂತಿಗೆ ಅಂಟೋ ಕೆಮಿಕಲ್ ಹಾಕಿ ಬೋಲ್ಟ್ ಕೂರ್ಸಿದ್ರೆ ಆಗಲ್ವಾ

ನಾನು: ಕೆಮಿಕಲ್ಲೂ ಕಾಂಕ್ರೀಟ್ ಗಟ್ಟಿ ಇದ್ರೇನೆ ಚಿಕ್ಕಪ್ಪ. ಇಂಥ ಲಿಫ್ಟಿಗೆ ಸಾಮಾನ್ಯವಾಗಿ ಕೇಳೋದು ಕಮ್ಮಿ ಅಂದ್ರೂ 4 ಇಂಚು ದಪ್ಪದ ಕಾಂಕ್ರೀಟು, 3000 ಪಿಎಸ್‌ಐ ಗಟ್ಟಿತನ, ಬಿರುಕು ಇರಬಾರ್ದು, ಜಾಯಿಂಟ್ ಹತ್ರ ಬೋಲ್ಟ್ ಬೇಡ. ಟೈಲ್ಸ್ ಮೇಲಿಂದಂತೂ ಹಾಕಲೇಬಾರ್ದು

ಅತ್ತಿಗೆ: ಮಕ್ಳು ಅಲ್ಲೇ ಸೈಕಲ್ ಓಡಿಸ್ತಾರೆ, ಹಿಂಗೆಲ್ಲ ಇದೆ ಅಂದ್ರೆ ನಂಗಂತೂ ಬೇಡವೇ ಬೇಡ

ಅಣ್ಣ: ಅಯ್ಯೋ ಮನೇಲಿ ಲಿಫ್ಟ್ ಹಾಕ್ಸಿರೋರು ಎಷ್ಟು ಜನ ಇಲ್ಲ. ನೆಲ ಒಡ್ಸಿ ಗಟ್ಟಿ ಮಾಡ್ಸಿದ್ರೆ ಆಯ್ತಲ್ಲ

ನಾನು: ಮಾಡ್ಸು, ನಾನೇ ನಿಂತು ಹಾಕ್ಸಿಕೊಡ್ತೀನಿ. ಎಂ25 ಗ್ರೇಡ್ ಕಾಂಕ್ರೀಟು, ಒಳಗೆ ಕಂಬಿ, ಅಡಿ ದಪ್ಪ ಹಾಕೋಣ, 28 ದಿನ ಬಿಟ್ಟು ಆಮೇಲೆ ಡ್ರಿಲ್ಲು. ತೂತಿನ ಧೂಳು ಊದಿ ಬ್ರಷ್ ಹಾಕಿ ತೆಗೀದೆ ಬೋಲ್ಟ್ ಇಳಿಸಕ್ಕೆ ಬಿಡಲ್ಲ ನಾನು. ಆದ್ರೆ ಮೇಲೆ ನೋಡಿದ್ಯಾ? ಸ್ಲ್ಯಾಬ್ 10 ಅಡಿ. ಇನ್ನೋವಾನೇ ಆರಡಿ ಹತ್ರ ಇದೆ, ಎತ್ತಿದ್ರೂ ನಾಲ್ಕಡಿ ಸಿಗಲ್ಲ, ಅಷ್ಟು ಖರ್ಚು ಮಾಡಿ ಕೆಳ್ಗೆ ಬಗ್ಗೇ ಕೆಲ್ಸ ಮಾಡ್ಬೇಕು

ಅಣ್ಣ: ಹೌದಲ್ಲ… ಅದು ಹೊಳೀಲೇ ಇಲ್ಲ

ನಾನು: ನಿಂಗೆ ಬೇಕಿರೋದು ಆಯಿಲ್ಲು ಬ್ರೇಕು ತಾನೆ. ಮೂರಡಿ ಎತ್ತೋ ಸಿಜರ್ ಲಿಫ್ಟ್ ಸಾಕು, ಕತ್ತರಿ ಥರ ಮಡಚಿ ಗಾಡಿ ಕೆಳಗಿಂದ ಎತ್ತೋದು, ಭಾರ ನೇರ ಕೆಳಕ್ಕೇ ಬರುತ್ತೆ, ಬೋಲ್ಟ್ ಕೀಳೋ ಕಾಟ ಅಷ್ಟಿರಲ್ಲ. ಅದಕ್ಕೂ ನೆಲ ಸರಿ ಮಾಡ್ಸಲೇಬೇಕು. ಯಾವ್ದೇ ತಗೋ, ಎತ್ತಿದ್ಮೇಲೆ ಲಿಫ್ಟಿನ ಸೇಫ್ಟಿ ಲಾಕ್ ಮೇಲೆ ಕೂರ್ಸಿ ಆಮೇಲೇ ಕೆಳ್ಗೆ ಹೋಗ್ಬೇಕು, ಹೈಡ್ರಾಲಿಕ್ ನಂಬ್ಕಂಡು ಒಂದು ಕೈನೂ ಹಾಕ್ಬೇಡ

ಅತ್ತಿಗೆ: ಕೀಲಿ ಹಾಕೋ ಸ್ವಿಚ್ ಇದ್ರೆ ಮಾತ್ರ ಒಪ್ತೀನಿ, ಕೀಲಿ ನನ್ನತ್ರನೇ ಇರುತ್ತೆ

ಅಣ್ಣ: ಸರಿ ಅಡ್ವಾನ್ಸ್ ನಿಲ್ಲಿಸ್ದೆ. ಭಾನುವಾರ ಡ್ರಿಲ್ಲು ಟೇಪು ತಗೊಂಡ್ ಬಾ, ಮೂಲೇಲಿ ಒಂದು ತೂತು ಹಾಕಿ ಬೆಡ್ ಎಷ್ಟಿದೆ ನೋಡೇಬಿಡಣ