ಸೈಟೇಶನ್‌ಗೆ ಕನ್ನಡದಾಗ ಏನ್ ಬರೀಲಿ? ಸಂಜೀಕ ಫ್ಲೆಕ್ಸ್ ಪ್ರಿಂಟಿಗೆ ಹೋಗ್ತದ

ಕೇಳಿದವರು, ಬೆಳಗಾವಿ ಟಿಳಕವಾಡಿ:

ಎಲ್ಲಾರಿಗೂ ನಮಸ್ಕಾರ್ರಿ. ಅರ್ಜಂಟ್ ಅದ, ಹಿಂಗಾಗಿ ಪೀಠಿಕಿ ಇಲ್ಲ. ನಮ್ಮ ಓಣಿ ಮಂದಿ ಕೂಡಿ ಒಬ್ಬ ಡಾಕ್ಟರಿಗೆ ಸತ್ಕಾರ ಇಟ್ಕೊಂಡೇವಿ, ತಾಯಿ-ಮಗುವಿನ ಆರೋಗ್ಯದ ಮ್ಯಾಲ ಸಂಶೋಧನಾ ಮಾಡಿ ಹೆಸರು ತಗೊಂಡವರು. ವೇದಿಕಿ ಹಿಂದಿನ ಫ್ಲೆಕ್ಸು, ಕೈಗೆ ಕೊಡೂ ಪತ್ರ, ಎರಡೂ ನನ್ನ ಕೊಳ್ಳಿಗೆ ಬಿದ್ದಾವ. ಅವರ ಮಗಳು ಇಂಗ್ಲಿಷಿನ್ಯಾಗ ಒಂದು ಹಾಳಿ ಕಳಿಸ್ಯಾಳ: ಪಬ್ಲಿಕೇಶನ್ಸ್, ಸೈಟೇಶನ್ಸ್ (ಬ್ಯಾರೆ ಸಂಶೋಧಕರು ಇವರ ಲೇಖನ ತಮ್ಮ ಲೇಖನದಾಗ ಕಾಣಿಸಿದ್ದು), ಎಚ್-ಇಂಡೆಕ್ಸ್, ಕೊಲ್ಯಾಬೊರೇಶನ್ಸ್, ಇಂಪ್ಯಾಕ್ಟ್ ಫ್ಯಾಕ್ಟರ್. ನಾ ಹಾಕಿದ್ದು: ಪ್ರಕಟಣೆಗಳು, ಉಲ್ಲೇಖಗಳು, ಎಚ್-ಸೂಚ್ಯಂಕ, ಸಹಯೋಗಗಳು, ಪರಿಣಾಮ ಅಂಶ. ಕಡೀದು ನನಗ ತಿಳೀವಲ್ದು. ಮೊದಲಿಂದೂ ಸರಿ ಅನ್ನಸೂದಿಲ್ಲ, ಪ್ರಕಟಣೆ ಅಂದ್ರ ನಾಳೆ ನೀರು ಬರೂದಿಲ್ಲ ಅಂತ ಪಾಲಿಕೆಯವರು ಹೊರಡಸೂದು. ಸಂಜೀಕ ಆರರೊಳಗ ಅಂಗಡಿಗೆ ಮ್ಯಾಟರ್ ಮುಟ್ಟಬೇಕು. ಶಬ್ದ ಅಷ್ಟ ಹೇಳ್ರಿ, ವಾದ ನಾಳೆ ಮಾಡೋಣ.

ಜಮಖಂಡಿಯಿಂದ:

ಉಲ್ಲೇಕ, ಸೂಚ್ಯಂಕ ಎಲ್ಲಾ ಸಂಸ್ಕ್ರುತ. ತಗೀರಿ. ಸೈಟೇಶನ್‌ಗೆ 'ಹೆಸರೆತ್ತಿಕೆ', ಇಂಡೆಕ್ಸಿಗೆ 'ತೋರೆಣಿ', ಪೇಪರಿಗೆ 'ಅರಕೆಬರಹ'. ಹೆಸರು+ಎತ್ತು+ಇಕೆ, ಇದಕ್ಕಿಂತ ತಿಳಿಯಾದ ಒರೆ ಸಿಗೂದಿಲ್ಲ. ಕನ್ನಡದಾಗ ಇಲ್ಲ ಅನ್ನೂದು ಸೋಮಾರಿಗಳ ಮಾತು.

ವಿಜಯಪುರದಿಂದ, ವಕೀಲರು:

ಹೆಸರೆತ್ತಿಕೆ ಅಂತ ಹಾಕ್ರಿ, ಹಾಕಿ ನೋಡ್ರಿ ಏನಾಗ್ತದ. ನಮ್ಮ ಕಡೆ "ಅವನ ಹೆಸರೆತ್ತಬ್ಯಾಡ" ಅಂತ ಯಾವಾಗ ಅಂತೀವಿ? ಸತ್ಕಾರದ ಫ್ಲೆಕ್ಸಿನ್ಯಾಗ ಸಾವಿರಾರು ಮಂದಿ ಇವರ ಹೆಸರೆತ್ಯಾರ ಅಂತ ಓದಿದವ ಏನಪಾ ಇಂಥಾದ್ದೇನ್ ಮಾಡ್ಯಾರ ಅಂತ ಕೇಳ್ತಾನ.

ಕೋರ್ಟಿನ್ಯಾಗ ನಾವು ದಿನಾ ಆಡೂದು ಸೈಟೇಶನ್ ಅಂತನ. ಸಾಹೇಬ್ರು "ಸೈಟೇಶನ್ ಕೊಡ್ರಿ" ಅಂದ್ರ ಎಐಆರ್ 1973 ಎಸ್‌ಸಿ 1461 ಅಂತ ಹೇಳ್ತೀವಿ, ಅದು ಕೇಶವಾನಂದ ಭಾರತಿ ಕೇಸಿನ ವಿಳಾಸ ಇದ್ದಂಗ, ಯಾವ ವರ್ಷದ್ದು ಯಾವ ಕೋರ್ಟು ಯಾವ ಪುಟ ಅಂತ. ನಿಮ್ಮ ಡಾಕ್ಟರ್ ಮಂದಿ ಸೈಟೇಶನ್ ಲೆಕ್ಕ ಶುರು ಮಾಡಿದ್ದೂ ನಮ್ಮನ್ನ ನೋಡೇ ಅನ್ನೂದು ನೆನಪಿರಲಿ. ಅಮೆರಿಕದ ವಕೀಲರು ಯಾವ ತೀರ್ಪನ್ನ ಮುಂದ ಯಾವ ತೀರ್ಪು ಎತ್ತಿ ಹಿಡೀತು, ಯಾವುದು ತಳ್ಳಿ ಹಾಕ್ತು ಅಂತ ನೋಡ್ಲಿಕ್ಕೆ 1873ರಿಂದ ಶೆಪರ್ಡ್ಸ್ ಅನ್ನೂ ಪಟ್ಟಿ ಇಟ್ಕೊಂಡಿದ್ರು. ಯುಜೀನ್ ಗಾರ್ಫೀಲ್ಡ್ ಅನ್ನವ್ರು ಅದನ್ನ ನೋಡಿ ವಿಜ್ಞಾನಕ್ಕ ತಂದ್ರು, 1955ರಾಗ ವಿಚಾರ ಬರದ್ರು, 1964ಕ್ಕ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಗ ಬಂತು. ಹಿಂಗಾಗಿ ಸೈಟೇಶನ್ ಅಂತನ ಇಡ್ರಿ. ಜಮಖಂಡಿಯವರು 'ಉಲ್ಲೇಖ'ದ ಖ ಕಿತ್ತಿ ಕ ಹಚ್ಯಾರ, ಅಷ್ಟಕ್ಕ ಅದು ಕನ್ನಡ ಆಗಿದ್ರ ಒಪ್ಪಿಕೊಂಡು ಬಳಸಬಹುದಾಗಿತ್ತಲ್ಲ?

ಬೆಳಗಾವಿ ಶಹಾಪುರದಿಂದ, ನಿವೃತ್ತ ಕಾರಕೂನರು:

ಉಲ್ಲೇಖ ಬರಿಯೂದರಾಗ ಒಂದು ತೊಡಕು ಅದ. ನಲ್ವತ್ತು ವರ್ಷ ಸರ್ಕಾರಿ ಪತ್ರ ಬರದವ ನಾನು. ಮ್ಯಾಲ 'ವಿಷಯ', ಕೆಳಗ 'ಉಲ್ಲೇಖ', ಅಂದ್ರ ನಾನು ಯಾವ ಹಳೇ ಪತ್ರ ಹಿಡಕೊಂಡು ಇದನ್ನ ಬರೀಲಿಕತ್ತೀನಿ ಅನ್ನೂದು. ಅದು ನಾ ಕೊಡೂ ಉಲ್ಲೇಖ. ಈ ಡಾಕ್ಟರ್ರದು ಅವರಿಗೆ ಬಂದಿದ್ದು, ಮಂದಿ ಇವರ ಲೇಖನ ತಮ್ಮ ಲೇಖನದಾಗ ಕಾಣಿಸಿದ್ದು. ಇಂಗ್ಲಿಷಿನವರು ಕೊಟ್ಟಿದ್ದಕ್ಕ ರೆಫರೆನ್ಸ್, ಬಂದಿದ್ದಕ್ಕ ಸೈಟೇಶನ್ ಅಂತ ಬ್ಯಾರೆ ಬ್ಯಾರೆ ಇಟ್ಟಾರ, ನಾವು ಎರಡಕ್ಕೂ ಉಲ್ಲೇಖ ಅಂತ ಒಂದ ಅಂಗಿ ಹಾಕೇವಿ. ಬರೇ "ಉಲ್ಲೇಖಗಳು: ಇಷ್ಟು ಸಾವಿರ" ಅಂತ ಬರದ್ರ ಇವರು ಬ್ಯಾರೆಯವರ ಪುಸ್ತಕ ಅಷ್ಟು ನೋಡಿ ಬರದಾರ ಅಂತಾಗ್ತದ. "ಉಲ್ಲೇಖಗೊಂಡಿದ್ದು ಇಷ್ಟು ಸಲ" ಅಂತ ಕ್ರಿಯಾಪದ ಮಾಡ್ರಿ, ಮುಗೀತು.

ಮರಾಠಿಯೊಳಗ ಇದಕ್ಕ 'ಸಂದರ್ಭ' ಅಂತಾರ, ನಮ್ಮಲ್ಲೂ ಹಳೇ ಮಂದಿ ಸಂದರ್ಭ ಗ್ರಂಥ ಅಂತಿದ್ರು. ಖರೇ ಅಂದ್ರ ಚಲೋ ಶಬ್ದ.

ಜಮಖಂಡಿಯಿಂದ:

ಮೊದಲು ಸಂಸ್ಕ್ರುತ, ಆಮ್ಯಾಲ ಇಂಗ್ಲಿಶು, ಈಗ ಮರಾಟಿ. ಬೆಳಗಾವಿಯವರಿಗೆ ಇದೊಂದು ಚಟ.

ಬೆಳಗಾವಿ ಶಹಾಪುರದಿಂದ:

ಚಟ ಅಲ್ರಿ, ಗಡಿ. ನಿಮಗ ತಿಳೀದು.

ವಿಜಯಪುರದಿಂದ, ಇನ್ನೊಬ್ಬರು:

ನಮ್ಮ ಊರಾಗ ಆದಿಲ್‌ಶಾಹಿ ಕಾಲದಿಂದ ಫಾರ್ಸಿ ಶಬ್ದ ಬೆರೆತಾವ, ಅವನ್ನ ಯಾಕ ಮರೀತೀರಿ? ದಾಖಲೆ, ದಸ್ತಾವೇಜು ಎಲ್ಲಾ ಆ ಕಡೆಯಿಂದನ ಬಂದಾವ. ಉರ್ದುದಾಗ ಬ್ಯಾರೆಯವರ ಪುಸ್ತಕದ ಆಧಾರ ಕೊಡೂದಕ್ಕ 'ಹವಾಲಾ' ಅಂತಾರ, ಸೈಟೇಶನ್‌ಗೆ ಸರಿಯಾದ ಶಬ್ದ ಅದ. ಹಾಕ್ರಿ ಅಂತ ನಾ ಹೇಳೂದಿಲ್ಲ, "ಡಾಕ್ಟರ್ ಹವಾಲಾ ಇಷ್ಟು ಸಾವಿರ" ಅಂತ ಫ್ಲೆಕ್ಸ್ ಕಟ್ಟಿದ್ರ ಸತ್ಕಾರಕ್ಕ ಇ.ಡಿ.ಯವ್ರ ಮೊದಲು ಬರ್ತಾರ. ಹೇಳಬೇಕನಿಸ್ತು, ಹೇಳಿದೆ.

ಬಾಗಲಕೋಟೆಯಿಂದ, ವೈದ್ಯಕೀಯ ಕಾಲೇಜಿನ್ಯಾಗ ಕಲಸವರು:

ಶಬ್ದದ ಜಗಳ ಆಮ್ಯಾಲ ಮಾಡ್ರಿ, ಮೊದಲು ಆ ಹಾಳಿಯೊಳಗ ಏನದ ನೋಡೋಣ. 'ಪರಿಣಾಮ ಅಂಶ' ಅನ್ನೂ ಸಾಲು ಪೂರ್ತಿ ತಗೀರಿ. ಇಂಪ್ಯಾಕ್ಟ್ ಫ್ಯಾಕ್ಟರ್ ಮನಶಾಂದಲ್ಲ, ಪತ್ರಿಕೆಯದು. ಒಂದು ಜರ್ನಲ್ಲು 2021, 2022 ಈ ಎರಡು ವರ್ಷದಾಗ ಹಾಕಿದ ಲೇಖನಗಳಿಗೆ 2023ರಾಗ ಎಷ್ಟು ಸೈಟೇಶನ್ ಬಂದ್ವು ಅನ್ನೂದನ್ನ ಆ ಲೇಖನಗಳ ಸಂಖ್ಯಾದಿಂದ ಭಾಗಿಸಿದ್ರ ಬರೂದು 2023ರ ಅಂಕಿ. ದೊಡ್ಡ ಜರ್ನಲ್ಲಿನ್ಯಾಗ ಬಂದ ಲೇಖನಕ್ಕ ಒಂದೂ ಸೈಟೇಶನ್ ಇಲ್ಲದ ಇರಬಹುದು. ಹಂಗಿದ್ದಾಗ ಅದನ್ನ ಡಾಕ್ಟರ ಹೆಸರಿನ ಕೆಳಗ ಹಚ್ಚಿದ್ರ ಸಭಾದಾಗ ಕುಂತ ಬ್ಯಾರೆ ಡಾಕ್ಟರ್ಸ್ ನಗ್ತಾರ.

ಎಚ್-ಇಂಡೆಕ್ಸ್ ಮಾತ್ರ ಅವರದ. 2005ರಾಗ ಹಿರ್ಶ್ ಅನ್ನೂ ಭೌತವಿಜ್ಞಾನಿ ತಗದದ್ದು. ಐದು ಪೇಪರ್ ಅದಾವ ಅನ್ಕೊಳ್ರಿ, ಒಂದಕ್ಕ 40, ಮುಂದಿನವಕ್ಕ 12, 5, 4, 1 ಸೈಟೇಶನ್. ಕಮ್ಮಿ ಅಂದ್ರೂ ನಾಕು ಸೈಟೇಶನ್ ಇರೂ ಪೇಪರ್ ನಾಕು ಅದಾವ, ಐದು ಇರೂ ಪೇಪರ್ ಐದಿಲ್ಲ, ಹಂಗಾಗಿ ಎಚ್ ನಾಕು. ಆ 40 ನಾಳೆ 4,000 ಆದ್ರೂ ಎಚ್ ನಾಕ. ಅಂದ್ರ ಒಂದ ಲೇಖನದ ಮ್ಯಾಲ ಜೀವನ ಕಳದವರಿಗೆ ಇದು ಏರೂದಿಲ್ಲ, ಬರಕೋತ ಹೋದವರದು ವಯಸ್ಸಾದಂಗ ಏರ್ತದ, ಇಳಿಯೂದಂತೂ ಇಲ್ಲ. ಇನ್ನ ಗೂಗಲ್ ಸ್ಕಾಲರ್ ಒಂದು ಅಂಕಿ ಹೇಳ್ತದ, ಸ್ಕೋಪಸ್ ಇನ್ನೊಂದು ಹೇಳ್ತದ, ಯಾಕಂದ್ರ ಅವು ಎಣಿಸೂ ಪತ್ರಿಕೆ ಬ್ಯಾರೆ ಬ್ಯಾರೆ. ಎಲ್ಲಿಂದ ತಗೊಂಡೀರಿ, ಯಾವ ತಿಂಗಳು ನೋಡೀರಿ ಅಂತ ಸಣ್ಣಕ್ಷರದಾಗ ಹಾಕ್ರಿ.

'ಸಹಯೋಗ'ಕ್ಕೂ ನನ್ನ ತಕರಾರು ಅದ. ಫ್ಲೆಕ್ಸ್ ಮ್ಯಾಲ "ಸಹಯೋಗ" ಅಂದ್ರ ರೊಕ್ಕ ಕೊಟ್ಟವರು ಅಂತ ಮಂದಿ ಓದ್ತಾರ, ಇಲಾಖೆ ಸಹಯೋಗದಲ್ಲಿ ಅಂತ ಇರ್ತದಲ್ಲ ಹಂಗ. 'ಜಂಟಿ ಸಂಶೋಧನೆ' ಅನ್ರಿ. ಬೆಳಗಾವಿಗೆ ಇದು ಹೊಸಾದಲ್ಲ, 2006ರಾಗ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕೆಯೊಳಗ ಬಂದ ಮಿಸೊಪ್ರೊಸ್ಟಾಲ್ ಗುಳಿಗಿ ಸ್ಟಡಿ ನಿಮ್ಮ ಜಿಲ್ಲಾದ ಹಳ್ಳಿಯೊಳಗ ಅಮೆರಿಕದವರ ಜೋಡಿ ಕೂಡಿ ಮಾಡಿದ್ದು, 1,620 ಹೆಣ್ಣಮಕ್ಕಳು, ಎಎನ್‌ಎಂ ಅಕ್ಕಾರು ಹೆರಿಗಿ ಆದಕೂಡಲೇ ಗುಳಿಗಿ ಕೊಟ್ರು, ವಿಪರೀತ ರಕ್ತಸ್ರಾವ ಆಗವರು 12 ಪರ್ಸೆಂಟ್‌ನಿಂದ 6.4ಕ್ಕ ಇಳದ್ರು. 2020ರ ಆಸ್ಪಿರಿನ್ ಸ್ಟಡಿ ಆರು ದೇಶದ್ದು, ಹನ್ನೆರಡು ಸಾವಿರಕ್ಕ ಸನಿಹ ಚೊಚ್ಚಲ ಗರ್ಭಿಣಿಯರು, ನಮ್ಮ ದೇಶದಿಂದ ಬೆಳಗಾವಿ ಮತ್ತ ನಾಗಪುರ. ಇಂಥಾ ಒಂದು ಸಾಲು ಬರದ್ರ ಓಣಿ ಮಂದಿಗೆ ಯಾವ ಸೂಚ್ಯಂಕಕ್ಕಿಂತ ಛಲೋ ತಿಳೀತದ. ನಿಮ್ಮ ಡಾಕ್ಟರ್ ಯಾವುದ್ರಾಗ ಇದ್ರು ಅಂತ ಮಗಳನ್ನ ಕೇಳ್ರಿ, ಮತ್ತ ಹೆಸರು ಎಷ್ಟನೇದು ಅಂತನೂ ಕೇಳ್ರಿ, ನಮ್ಮಲ್ಲಿ ಮೊದಲ ಹೆಸರು ದುಡದವರದು, ಕಡೀ ಹೆಸರು ಹಿರೇರದು. ಗುಳಿಗಿ ಕೊಟ್ಟ ಅಕ್ಕಾರ ಹೆಸರು 'ಕೃತಜ್ಞತೆ'ಯೊಳಗ ಬಂದ್ರ ಪುಣ್ಯ.

ಕೇಳಿದವರು, ಬೆಳಗಾವಿ ಟಿಳಕವಾಡಿ:

ಡಾಕ್ಟರ್ರ, ಭಾಳ ಉಪಕಾರ ಆತು. ಇಂಪ್ಯಾಕ್ಟ್ ಫ್ಯಾಕ್ಟರ್ ಕಿತ್ತಿ ಒಗದೆ. ಸೈಟೇಶನ್‌ಗೆ 'ಮನ್ನಣೆ' ಅಂದ್ರ ನಡೀತದೇನು? ಸತ್ಕಾರಕ್ಕ ಒಪ್ತದ, ಜಮಖಂಡಿಯವರೂ ಬಯ್ಯೂದಿಲ್ಲ.

ಬಾಗಲಕೋಟೆಯಿಂದ:

ನಡಿಯೂದಿಲ್ರಿ. ಬೈಲಿಕ್ಕೂ ಸೈಟ್ ಮಾಡ್ತಾರ. ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ 1998ರ ಲ್ಯಾನ್ಸೆಟ್ ಪೇಪರ್ರು, 2010ರಾಗ ಪತ್ರಿಕೆಯವರ ವಾಪಸ್ ತಗೊಂಡ್ರು, ಆದ್ರೂ ಅದಕ್ಕ ಸೈಟೇಶನ್ ಬೀಳೂದು ನಿಂತಿಲ್ಲ. ಅದಕ್ಕೇನು ಮನ್ನಣೆ ಅಂತೀರೇನು? ತಂದ ತಾನ ಸೈಟ್ ಮಾಡ್ಕೊಳ್ಳೂದೂ ಎಣಿಕಿಯೊಳಗ ಬರ್ತದ.

ಜಮಖಂಡಿಯಿಂದ:

ನೋಡ್ರಿ, ಅದಕ್ಕ ಹೇಳಿದ್ದು ಹೆಸರೆತ್ತಿಕೆ ಅಂತ. ಬೈದ್ರೂ ಹೆಸರೆತ್ತೂದು, ಹೊಗಳಿದ್ರೂ ಹೆಸರೆತ್ತೂದು. ವಕೀಲರು ತಾವ ಆಡಿದ ಮಾತು ನನ್ನ ಕಡೆನ ಬಂತು. ಇನ್ನ ಕಯ್ಯಾಗ ಕೊಡೂ ಹಾಳಿಗೆ 'ಬಿನ್ನವತ್ತಳೆ' ಅಂತ ಹಾಕ್ರಿ, ಅಚ್ಚ ಕನ್ನಡ. ಇಂಗ್ಲಿಶಿನಾಗ ಅದಕ್ಕೂ ಸೈಟೇಶನ್ನೇ ಅಂತಾರ, ಒಂದ ಒರೆಯಿಂದ ಎರಡು ಕೆಲಸ ಮಾಡಸೂ ಬಡತನ ಅವರದು.

ವಿಜಯಪುರದಿಂದ, ವಕೀಲರು:

ಬೈದ್ರೂ ಹೆಸರೆತ್ತೂದ ಅನ್ನೂದು ಒಪ್ಪಿದೆ, ಅಷ್ಟರ ಮಟ್ಟಿಗೆ ನಿಮ್ಮ ಅಪೀಲು ಮಂಜೂರ್. ಆದ್ರ ಬಿನ್ನವತ್ತಳೆಯ 'ಬಿನ್ನಹ' ಎಲ್ಲಿಂದ ಬಂತು? ವಿಜ್ಞಾಪನದ ತದ್ಭವ. ಅಚ್ಚ ಕನ್ನಡ ಅಂತ.

ಜಮಖಂಡಿಯಿಂದ:

ತದ್ಬವ ಆದ ಮ್ಯಾಲ ನಮ್ಮದು.

ಬೆಳಗಾವಿ ಶಹಾಪುರದಿಂದ:

ಹಂಗಾರ ಪೇಪರ್ರೂ ನಮ್ಮದ, ಡಾಕ್ಟರ್ರೂ ನಮ್ಮವರ. ನಮ್ಮವ್ವ ಸಾಲಿ ಮೆಟ್ಲಾ ಹತ್ತಿದಾಕಿ ಅಲ್ಲ, ಆಕಿ 'ದಾಗದರ' ಅಂತಿದ್ಲು, ಅದು ತದ್ಭವ ಅಲ್ಲೇನು? ಬಾದಾಮಿ ನಿಮ್ಮ ಜಿಲ್ಲಾದಾಗ ಅದ, ಹೋಗಿ ಬಂಡೆಗಲ್ಲಿನ ಮ್ಯಾಲ ಕೊರದ ಕಪ್ಪೆ ಅರಭಟ್ಟನ ಶಾಸನ ನೋಡಿ ಬರ್ರಿ. ಏಳನೇ ಶತಮಾನದ ತ್ರಿಪದಿ, ಶುರು ಆಗೂದ "ಸಾಧುಗೆ ಸಾಧು" ಅಂತ, ಮುಂದ ಮಾಧುರ್ಯ, ಕಲಿಯುಗ, ವಿಪರೀತ, ಮಾಧವ. ಮಹಾಪ್ರಾಣ ಸಮೇತ ಸಂಸ್ಕೃತ, ಛಂದಸ್ಸು ಮಾತ್ರ ನಮ್ಮದು, 'ಗೆ' ನಮ್ಮದು, 'ಈತನ್ ಪೆಱನಲ್ಲ' ನಮ್ಮದು. ಆ ಕವಿಗೆ ಯಾರೂ ಸೋಮಾರಿ ಅನ್ನಲಿಲ್ಲ. ವಿಭಕ್ತಿ ನಮ್ಮದಿದ್ರ ಸಾಕ್ರಿ, 'ಸೈಟೇಶನ್ನಿಗೆ' ಅನ್ನೂದರಾಗ 'ಇಗೆ' ಯಾರದು?

ಜಮಖಂಡಿಯಿಂದ:

ಕಲ್ಲಿನ ಮ್ಯಾಲ ಕೊರದ ತಪ್ಪೂ ತಪ್ಪ.

ವಿಜಯಪುರದಿಂದ, ಇನ್ನೊಬ್ಬರು:

ಇವತ್ತು ಮೊದಲನೇ ಸಲ ಬಾದಾಮಿ ಶಾಸನಕ್ಕ ಕೆಂಪು ಪೆನ್ನು ಬಿತ್ತು.

ಕೇಳಿದವರು, ಬೆಳಗಾವಿ ಟಿಳಕವಾಡಿ:

ಐದೂವರಿ ಆತು, ಅಂಗಡಿಯವನ ಫೋನ್ ಎರಡು ಸಲ ಬಂತು, ಅವಗ ನುಡಿ ಫಾಂಟಿನ್ಯಾಗ ಬೇಕಂತ, ಯುನಿಕೋಡ್ ಕೊಟ್ರ ಒತ್ತಕ್ಷರ ಚದರ್ತಾವ. ಮಗಳಿಗೂ ಫೋನ್ ಹಚ್ಚಿದ್ದೆ, ಆರು ದೇಶದ ಆ ಅಧ್ಯಯನದಾಗ ಅವರು ಇದ್ದದ್ದು ಖರೆ ಅಂತ. ಹಿಂಗ ಕಳಿಸೀನಿ, ಅಂಕಿ ಇಲ್ಲಿ ಹಾಕೂದಿಲ್ಲ:

"ಆರು ದೇಶಗಳ ವೈದ್ಯರೊಡನೆ ಜಂಟಿ ಸಂಶೋಧನೆ. ಇವರ ಸಂಶೋಧನಾ ಲೇಖನಗಳನ್ನು ಇತರ ಸಂಶೋಧಕರು ಉಲ್ಲೇಖಿಸಿದ್ದು ಇಷ್ಟು ಸಾವಿರ ಬಾರಿ. ಎಚ್-ಸೂಚ್ಯಂಕ ಇಷ್ಟು. ಆಧಾರ: ಗೂಗಲ್ ಸ್ಕಾಲರ್, ಈ ತಿಂಗಳು."

ಕೈಗೆ ಕೊಡೂದಕ್ಕ 'ಬಿನ್ನವತ್ತಳೆ' ಹಾಕೀನಿ, ಜಮಖಂಡಿಯವರಿಗೆ ಸಮಾಧಾನ ಆಗಲಿ.

ಜಮಖಂಡಿಯಿಂದ:

'ಉಲ್ಲೇಕಿಸಿದ್ದು' ಬದಲು 'ಎತ್ತಿ ಹೇಳಿದ್ದು' ಅಂದಿದ್ರ ಏನ್ ಗಂಟು ಹೋಗ್ತಿತ್ತು? ಅದು ಆಡುಮಾತ ಅಲ್ಲೇನು?

ಬಾಗಲಕೋಟೆಯಿಂದ:

ಈ ಸಲ ಜಮಖಂಡಿಯವರು ಹೇಳೂದು ಖರೆ ಅದ. 'ಎತ್ತಿ ಹೇಳಿದ್ದು' ನನಗೂ ಹಿಡಿಸ್ತು. ತಡ ಆತು ಅಷ್ಟ.

ವಿಜಯಪುರದಿಂದ, ವಕೀಲರು:

'ಎಚ್' ಯಾಕ್ರಿ, 'ಹೆಚ್' ಅಲ್ಲೇನು?

ಬೆಳಗಾವಿ ಶಹಾಪುರದಿಂದ:

ಅದನ್ನ ಇಲ್ಲಿ ತೆಗೀಬ್ಯಾಡ್ರಿ, ಕೈ ಮುಗೀತೀನಿ. ಬ್ಯಾರೆ ಎಳೆ ಶುರು ಮಾಡ್ರಿ, ನಾ ಅಲ್ಲಿ ಬರೂದಿಲ್ಲ.